ಜೂನ್ ಮನೆಯ ಕಾರ್ಡು

ಮಾರ್ಚ್ 1

ಅಕ್ಕನಿಗೆ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಬಂದ ದಿನವೇ ಬರೆಯಲು ಕೂತೆ. ನನ್ನ ಐದನೇ ಕ್ಲಾಸಿನ ಅಕ್ಷರಗಳಿಗೆ ಅಷ್ಟು ದೂರ ನಡೆಯುವ ಧೈರ್ಯ ಬರಲು ನಾಲ್ಕು ದಿನ ಬೇಕಾಯಿತು. ನಗಬೇಡ.

ಚೂಟಿಗೆ ಆರನೇ ವಾರದ ಲಸಿಕೆ ಫೆಬ್ರವರಿ 19ಕ್ಕೆ ಆಯಿತು ಅಂತ ಓದಿ ಸಮಾಧಾನವಾಯಿತು. ತೊಡೆ ಊದಿದ್ದಕ್ಕೆ, ಮೈ ಬೆಚ್ಚಗಾದದ್ದಕ್ಕೆ ಗಾಬರಿ ಬೇಡ. ಇಲ್ಲಿಯ ಮಕ್ಕಳಿಗೂ ಹಾಗೇ ಆಗುತ್ತದೆ, ಎರಡು ದಿನದಲ್ಲಿ ಇಳಿಯುತ್ತದೆ.

ನನಗೆ ಆರೋಗ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ ಅಂತ ಬರೆದಿದ್ದೆನಲ್ಲ. ದಿನವೂ ಗುಡಿಸಿ ಒರೆಸುವುದು. ಗುರುವಾರ ಲಸಿಕೆಯ ದಿನ, ಅವತ್ತು ಕಾರ್ಡುಗಳ ಪೆಟ್ಟಿಗೆ ನನ್ನದು. ಪ್ರತಿ ಮಗುವಿಗೂ ಎರಡು ಕಾರ್ಡು. ಒಂದು ತಾಯಿಯ ಕೈಯಲ್ಲಿ, ಇನ್ನೊಂದು ನಮ್ಮ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಹನ್ನೆರಡು ಮನೆ, ತಿಂಗಳಿಗೊಂದು. ಮಗು ಮುಂದೆ ಯಾವ ತಿಂಗಳು ಬರಬೇಕೋ ಆ ಮನೆಯಲ್ಲಿ ಅದರ ಕಾರ್ಡು ಕಾಯುತ್ತಿರುತ್ತದೆ. ಬಂದು ಹೋದರೆ ಮುಂದಿನ ಮನೆಗೆ ಸರಿಸುತ್ತೇನೆ. ತಿಂಗಳು ಮುಗಿದ ಮೇಲೂ ಕದಲದೆ ಉಳಿದರೆ ಆ ಮಗು ತಪ್ಪಿಸಿಕೊಂಡಿದೆ ಅಂತ ಅರ್ಥ.

ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಒಂದು ಖಾಲಿ ಕಾರ್ಡಿನಲ್ಲಿ ಚೂಟಿ ಹುಟ್ಟಿದ ದಿನ, ನೀನು ಬರೆದ ತಾರೀಖು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟೆ. ನಂಬರ್ ಬರೆಯುವ ಜಾಗದಲ್ಲಿ 'ಅಕ್ಕ' ಅಂತ ಹಾಕಿದೆ. ಅದೀಗ ಮಾರ್ಚ್ ಮನೆಯಲ್ಲಿದೆ. ನಿನ್ನ ಪತ್ರ ಬಂದ ಕೂಡಲೇ ಏಪ್ರಿಲ್‌ಗೆ ಸರಿಸುತ್ತೇನೆ.

ತಾಯಂದಿರನ್ನು ನಂಬರ್ ಹಿಡಿದು ಕರೆಯುವುದೂ ನನ್ನ ಪಾಲಿಗೇ ಬಂದಿದೆ. ನನ್ನ ದನಿ ಗೊತ್ತಲ್ಲ, ಬಾಗಿಲು ದಾಟುವುದಿಲ್ಲ. ನರ್ಸಮ್ಮ ನನಗೆ ಪಿಸುಮಾತು ಅಂತ ಹೆಸರಿಟ್ಟಿದ್ದಾರೆ. "ನೀನು ಕರೆದರೆ ಕಿವಿ ಮೇಲೆ ಕೂತಿರೋ ಸೊಳ್ಳೇನೂ ತಿರುಗಿ ನೋಡಲ್ಲ" ಅಂತಾರೆ.

ನಿನ್ನ ಚಾಪೆ ಗೋಡೆಗೆ ಒರಗಿಕೊಂಡೇ ಇದೆ. ಹಾಸುವವರಿಲ್ಲ.

ತಂಗಿ

ಮಾರ್ಚ್ 23

ಪುಟ್ಟಿ,

ಸರಿಸು, ಸರಿಸು. ಹತ್ತನೇ ವಾರದ್ದು 19ಕ್ಕೇ ಆಯಿತು. ಈ ಸಲ ಜ್ವರ ಸ್ವಲ್ಪ ಜಾಸ್ತಿ. ತಣ್ಣೀರು ಬಟ್ಟೆ ಹಾಕಿ ಹಾಕಿ ನನ್ನ ಬೆರಳೇ ಚಿರುಟಿಹೋದವು. ಮರುದಿನ ಏನೂ ಆಗಿಲ್ಲ ಅನ್ನುವ ಹಾಗೆ ಕಾಲು ಬಡಿಯುತ್ತಿದ್ದಳು.

ನಿನ್ನ ಭಾವನಿಗೆ ಸುರಂಗದೊಳಗೆ ಕೆಲಸ. ಸೈರನ್ ಕೂಗಿದರೆ ಹೋಗುತ್ತಾರೆ. ಸಂಜೆ ಬರುವಾಗ ರೆಪ್ಪೆಯ ಮೇಲೂ ಧೂಳು. ಚೂಟಿ ಗುರುತು ಸಿಗದೆ ಚೀರುತ್ತಾಳೆ. ಮುಖ ತೊಳೆದ ಮೇಲೆ ಅಪ್ಪನಾಗುತ್ತಾರೆ.

ಶೆಡ್ಡಿನ ಸಾಲಿನಲ್ಲಿ ಎಲ್ಲರೂ ಎಲ್ಲೆಲ್ಲಿಂದಲೋ ಬಂದವರು. ನಲ್ಲಿಯ ಹತ್ತಿರ ಬಕೆಟ್ ಸದ್ದು ಬಿಟ್ಟರೆ ಮಾತಿಲ್ಲ. ಪಕ್ಕದ ಶೆಡ್ಡಿನವಳಿಗೂ ಇದೇ ವಯಸ್ಸಿನ ಗಂಡು ಮಗು. ನಡುವೆ ತಗಡಿನ ಗೋಡೆ. ಅವನು ಅತ್ತರೆ ಇವಳು ಅಳುತ್ತಾಳೆ, ಇವಳು ನಿಲ್ಲಿಸಿದರೆ ಅವನು ನಿಲ್ಲಿಸುತ್ತಾನೆ. ಈ ಸಾಲಿನಲ್ಲಿ ಮಾತಾಡಿಕೊಳ್ಳುವವರು ಅವರಿಬ್ಬರೇ.

ಹಿಂದಿನ ಪುಟದಲ್ಲಿ ಚೂಟಿಯ ಪಾದ ಇಟ್ಟು ಸುತ್ತ ಗೆರೆ ಎಳೆದಿದ್ದೇನೆ. ಕಿರುಬೆರಳು ಸರಿಯಾಗಿ ಬರಲಿಲ್ಲ, ಒದ್ದಳು. ತಿಂಗಳಿಗೊಂದು ಕಳಿಸುತ್ತೇನೆ. ನೀನು ಜೋಡಿಸಿಟ್ಟರೆ ಅವಳು ನಿನ್ನ ಕಡೆಗೇ ನಡೆದು ಬಂದ ಹಾಗಾಗುತ್ತದೆ.

ಅಕ್ಕ

ಏಪ್ರಿಲ್ 12

ಅಕ್ಕನಿಗೆ,

ಪಾದವನ್ನು ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ತಲೆ ಬಾಚುವಾಗ ನನ್ನ ಮುಖಕ್ಕಿಂತ ಅದನ್ನೇ ಹೆಚ್ಚು ನೋಡುತ್ತೇನೆ.

ಈ ಸಲ ನಾನೊಂದು ಜಂಬದ ಸುದ್ದಿ ಬರೆಯುತ್ತೇನೆ. ಗುರುವಾರ ಎಂಬತ್ತು ಮಕ್ಕಳಾದರೂ ಬರುತ್ತವೆ. ತಾಯಿಯ ಕಾರ್ಡಿನಲ್ಲಿ ನಂಬರ್ ಇದ್ದರೆ ನಮ್ಮ ಕಾರ್ಡು ಒಂದೇ ಕ್ಷಣದಲ್ಲಿ ಸಿಗುತ್ತದೆ. ಕಾರ್ಡು ಕಳೆದುಕೊಂಡು ಬಂದವರದಾದರೆ ನಾನೂರು ಕಾರ್ಡನ್ನೂ ಮಗುಚಬೇಕು. ಅಷ್ಟರಲ್ಲಿ ಸಾಲು ಕೆಡುತ್ತದೆ, ಮಕ್ಕಳೆಲ್ಲ ಅಳುತ್ತವೆ. ಅದಕ್ಕೆ ನಾನು ಒಂದು ಉಪಾಯ ಹೇಳಿದೆ. ಗೋಡೌನಿನಲ್ಲಿದ್ದ ಬೆಂಚನ್ನು ತಂದು ಹಿಂದಿನ ಗೋಡೆಗೆ ಹಾಕಿದೆವು. ಕಾರ್ಡಿಲ್ಲದವರು ಅಲ್ಲಿ ಕೂರುವುದು, ಸಾಲು ಮುಗಿದ ಮೇಲೆ ಅವರ ಸರದಿ. ನರ್ಸಮ್ಮ ಎಲ್ಲರ ಎದುರಿಗೆ ಬೆನ್ನು ತಟ್ಟಿದರು. ಬೆಂಚಿನ ಮೇಲೆ ಒಂದು ಸಲ ಕೂತವರು ಮುಂದಿನ ಸಲ ಕಾರ್ಡು ಮರೆಯುವುದಿಲ್ಲ ಅಂದರು. ನಿಜವಿರಬೇಕು. ಹೋದ ವಾರ ಆರು ಜನ ಕೂತಿದ್ದರು, ಈ ವಾರ ಇಬ್ಬರೇ.

16ಕ್ಕೆ ಚೂಟಿಯ ಹದಿನಾಲ್ಕನೇ ವಾರ. ಮರೆಯಬೇಡ. ನೀನು ಮರೆಯುವವಳಲ್ಲ, ಆದರೂ.

ತಂಗಿ

ಮೇ 5

ಪುಟ್ಟಿ,

ಹದಿನಾಲ್ಕನೇ ವಾರದ್ದು ಆಯಿತು. ಕಾರ್ಡು ಸರಿಸಿಕೋ.

ನಿನ್ನ ಬೆಂಚಿನ ವಿಷಯ ಓದಿದೆ. ಒಳ್ಳೆಯದು.

ಅಕ್ಕ

ಮೇ 21

ಅಕ್ಕನಿಗೆ,

ಕಾರ್ಡನ್ನು ಅಕ್ಟೋಬರ್ ಮನೆಗೆ ಹಾಕಿದೆ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು, ಅಲ್ಲಿಯವರೆಗೆ ಪುರುಸೊತ್ತು.

ನಿನ್ನ ಪತ್ರವನ್ನು ತಿರುಗಿಸಿ ನೋಡಿದೆ. ಪಾದ ಇರಲಿಲ್ಲ. ಕವರಿನೊಳಗೆ ಬೆರಳು ಹಾಕಿಯೂ ನೋಡಿದೆ. ಚೂಟಿ ನಿದ್ದೆ ಮಾಡುತ್ತಿದ್ದಳೇನೋ. ಅಥವಾ ಅಂಚೆಗೆ ಹೊತ್ತಾಯಿತೇನೋ. ನೀನೀಗ ಒಬ್ಬಳೇ ಅಲ್ಲವಲ್ಲ, ಮನೆ ತುಂಬ ಕೆಲಸ. ನನಗೆ ಸಾಯಂಕಾಲ ಐದರ ಮೇಲೆ ಮಾತಾಡಲು ಯಾರೂ ಇಲ್ಲ ಅಂತ ನಿನಗೂ ಹಾಗೇ ಇರುತ್ತದೆ ಅಂದುಕೊಳ್ಳುವುದು ನನ್ನ ತಪ್ಪು.

ನಿನ್ನೆ ಅನ್ನಕ್ಕೆ ಎರಡು ತಟ್ಟೆ ತೊಳೆದಿಟ್ಟಿದ್ದೆ. ಆಮೇಲೆ ಒಂದನ್ನು ಒಳಗಿಟ್ಟೆ.

ತಂಗಿ

ಆಗಸ್ಟ್ 2

ಅಕ್ಕನಿಗೆ,

ಜೂನ್‌ನಲ್ಲಿ ಒಂದು, ಜುಲೈನಲ್ಲಿ ಒಂದು ಬರೆದೆ. ಸೇರಿದವೋ ಇಲ್ಲವೋ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಬರೆ. ನೀನು ನಕ್ಕು ಬೈದರೆ ನನಗೆ ಗೊತ್ತಾಗುತ್ತದೆ. ಸುಮ್ಮನಿದ್ದರೆ ಗೊತ್ತಾಗುವುದಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ನನ್ನ ದನಿ ಸ್ವಲ್ಪ ದಪ್ಪವಾಗಿದೆ. ಜೂನ್‌ನಲ್ಲಿ ಒಂದು ಗುರುವಾರ ಬೆಂಚಿನ ಮೇಲಿಂದ ಒಬ್ಬಳು ಕಾಯದೆ ಎದ್ದು ಹೋದಳು. ಹಸಿರು ಕೊಡೆಯವಳು. ಕೊಡೆಯ ಒಂದು ಕಡ್ಡಿ ಮುರಿದು ಬಿಳಿ ದಾರದಲ್ಲಿ ಕಟ್ಟಿತ್ತು. ಕೆಲವರಿಗೆ ಅಷ್ಟು ಅವಸರ. ಅವಳ ಮಗುವಿನ ಕಾರ್ಡು ಜೂನ್ ಮನೆಯಲ್ಲೇ ಉಳಿದಿದೆ. ನರ್ಸಮ್ಮ ಬರುತ್ತಾಳೆ ಬಿಡು ಅಂದರು.

ಚೂಟಿ ಕೂರುತ್ತಾಳಾ?

ತಂಗಿ

ಸೆಪ್ಟೆಂಬರ್ 10

ಪುಟ್ಟಿ,

ನಿನ್ನ ಪತ್ರಗಳೆಲ್ಲ ಸೇರಿವೆ. ಕೂರುತ್ತಾಳೆ, ತೆವಳುತ್ತಾಳೆ, ಭಾವನ ಬೂಟಿನ ಲೇಸು ತಿನ್ನುತ್ತಾಳೆ. ಕೆಳಗೆರಡು ಹಲ್ಲು.

ನಾನು ಹೇಗಿದ್ದೇನೆ ಅಂತ ನೀನು ಕೇಳಿದ್ದು ಯಾವಾಗ, ಹೇಳು. ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ. ನಿನ್ನ ಪತ್ರ ಒಡೆಯುವಾಗ ತಂಗಿಯ ಪತ್ರ ಅನ್ನಿಸುವುದಿಲ್ಲ, ಆಫೀಸಿನಿಂದ ನೋಟೀಸು ಬಂದ ಹಾಗಿರುತ್ತದೆ.

ಕೊನೆಯ ಸಾಲಿನ ಶೆಡ್ಡುಗಳಲ್ಲಿ ಮೂರು ಮಕ್ಕಳಿಗೆ ಜ್ವರ, ಮೈತುಂಬ ಕೆಂಪು ದದ್ದು. ದಡಾರ ಅನ್ನುತ್ತಾರೆ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಒಂಬತ್ತನೇ ತಿಂಗಳದ್ದನ್ನು ಮುಂಚಿತವಾಗಿಯೇ ಹಾಕಿಸಿದೆ. ಹೋದ ಸೋಮವಾರ. ಎರಡು ಹನಿ ಬಾಯಿಗೆ ಬಿಟ್ಟರು, ಚಪ್ಪರಿಸಿದಳು. ಕಾರ್ಡು ಸರಿಸಿಕೊಂಡು ನಿಶ್ಚಿಂತೆಯಿಂದಿರು.

ಅಕ್ಕ

ಸೆಪ್ಟೆಂಬರ್ 19

ಅಕ್ಕ,

ಇದನ್ನು ಮೂರು ಸಲ ಬರೆದು ಹರಿದೆ. ಚಿಕ್ಕವಳು ದೊಡ್ಡವಳನ್ನು ಹೀಗೆ ಕೇಳಬಾರದು. ಆದರೂ ಕೇಳುತ್ತೇನೆ.

ದಡಾರದ್ದು ಬಾಯಿಗೆ ಬಿಡುವ ಹನಿಯಲ್ಲ. ಅದು ಪುಡಿಯಾಗಿ ಬರುತ್ತದೆ, ನೀರು ಬೆರೆಸಿ ತೋಳಿಗೆ ಚುಚ್ಚುತ್ತಾರೆ. ಒಂದು ಸೀಸೆ ಒಡೆದರೆ ಅದೇ ದಿನ ಮುಗಿಯಬೇಕು, ಹಾಗಾಗಿ ನಾಲ್ಕಾರು ಮಕ್ಕಳು ಸೇರುವ ದಿನವೇ ಒಡೆಯುತ್ತಾರೆ. ನಿಮ್ಮಲ್ಲೂ ಗುರುವಾರವೇ ಅಂತ ನೀನೇ ಬರೆದಿದ್ದೆ. ನೀನು ಹೇಳಿದ್ದು ಸೋಮವಾರ.

ಚೂಟಿಯ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆಯಲ್ಲಿ ಇರುವವು ಕಣ್ಣಾರೆ ಕಂಡ ಮಕ್ಕಳ ಕಾರ್ಡುಗಳು. ನಾನೊಬ್ಬಳೇ ಕಾಣದ ಮಗುವಿನ ಕಾರ್ಡನ್ನು ಬರೀ ಪತ್ರ ನಂಬಿ ಸರಿಸುತ್ತಾ ಬಂದೆ.

ನೀನು ಯಾಕೆ ಹಾಗೆ ಬರೆದೆ ಅಂತ ಕೇಳುವುದಿಲ್ಲ. ಯಾವುದು ಆಗಿದೆ, ಯಾವುದು ಆಗಿಲ್ಲ, ಅಷ್ಟು ಹೇಳು. ದಡಾರ ನಿಮ್ಮ ಸಾಲಿಗೆ ಬರುವ ಮುಂಚೆ ಹೇಳು.

ಮತ್ತೆ, ನೀನು ಹೇಗಿದ್ದೀಯ? ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ತಂಗಿ

ಸೆಪ್ಟೆಂಬರ್ 29

ಪುಟ್ಟಿ,

ಆರನೇ ವಾರದ್ದು, ಹತ್ತನೇ ವಾರದ್ದು ನಿಜ. ಆಮೇಲಿನ ಎರಡೂ ಸುಳ್ಳು. ಇದನ್ನು ಮೊದಲೇ ಬರೆದುಬಿಟ್ಟೆ, ತಡ ಮಾಡಿದರೆ ಕೈ ಬರುವುದಿಲ್ಲ.

ಕಾರ್ಡು ಕಳೆಯಬಾರದು ಅಂತ ಚೂಟಿಯ ಬಟ್ಟೆಯ ಮಡಿಕೆಯಲ್ಲಿ ಇಡುತ್ತಿದ್ದೆ. ಏಪ್ರಿಲ್ ಹದಿನೈದಕ್ಕೆ ಆ ಬಟ್ಟೆಗಳನ್ನು ಮಡಿಕೆ ಬಿಚ್ಚದೆ ಸೋಪಿನ ನೀರಿಗೆ ಹಾಕಿದೆ. ತಗಡಿನ ಮೇಲೆ ಒಣಗಿಸಿ ನೋಡಿದರೆ ಮೊಹರಿನ ನೀಲಿ ಕಲೆಯೊಂದೇ ಉಳಿದಿತ್ತು. ಮರುದಿನ ಅದನ್ನೇ ಹಿಡಿದುಕೊಂಡು ಹೋದೆ.

ಇಲ್ಲಿಯ ನರ್ಸಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿದರು. "ಇದೇನಮ್ಮ, ಕಾರ್ಡಾ, ಮೂಗು ಒರೆಸಿದ ಕಾಗದಾನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ನಕ್ಕಿದ್ದಕ್ಕಿಂತ ನಾನು ನಕ್ಕಿದ್ದೇ ಈಗಲೂ ಚುಚ್ಚುತ್ತದೆ.

ಹಿಂದೆ ಕೂತಿರು ಅಂದರು. ಪಕ್ಕದ ಶೆಡ್ಡಿನವಳೂ ಅಲ್ಲಿ ಕೂತಿದ್ದಳು. ಅವಳ ಕಾರ್ಡು ಯಾವುದೋ ಹಿಂದಿನ ಕೆಲಸದ ಜಾಗದಲ್ಲಿ ಉಳಿದಿತ್ತಂತೆ. ಹನ್ನೆರಡೂವರೆಗೆ ಐಸ್ ಪೆಟ್ಟಿಗೆ ಮುಚ್ಚಿದರು. ಕಾರ್ಡು ಮಾಡಿಸಿಕೊಂಡು ಮುಂದಿನ ವಾರ ಬನ್ನಿ ಅಂದರು. ಎಲ್ಲಿ ಮಾಡಿಸುವುದು ಅಂತ ಕೇಳುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ಇಬ್ಬರೂ ಒಂದೇ ದಾರಿಯಲ್ಲಿ ಬಂದೆವು, ಒಂದು ಮಾತೂ ಆಡಲಿಲ್ಲ.

ನಾಲ್ಕು ದಿನಕ್ಕೆ ನಿನ್ನ ಬೆಂಚಿನ ಪತ್ರ ಬಂತು. ಬೆನ್ನು ತಟ್ಟಿದರು ಅಂತ ಬರೆದಿದ್ದೆ. ನಾನು ಕೂತ ಬೆಂಚನ್ನೂ ನೀನೇ ತಂದು ಹಾಕಿದ್ದೀಯ ಅನ್ನಿಸಿತು. ಆ ಸಿಟ್ಟಿನಲ್ಲಿ ಒಂದು ಸುಳ್ಳು ಬರೆದೆ, ಅದನ್ನು ಕಾಯಲು ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡೆ. ಭಾವನಿಗೂ ಗೊತ್ತಿಲ್ಲ. ಸುರಂಗದಿಂದ ಬಂದವರಿಗೆ ಇನ್ನೊಂದು ಕತ್ತಲೆ ಯಾಕೆ ಅಂತ ಹೇಳಲಿಲ್ಲ.

ದದ್ದು ಈಗ ನಡುಸಾಲಿಗೆ ಬಂದಿದೆ. ಬೈಯುವುದಾದರೆ ಬೈ. ಆದರೆ ಬರೆ.

ಅಕ್ಕ

ಅಕ್ಟೋಬರ್ 8

ಅಕ್ಕ,

ನಿನ್ನ ಪತ್ರ ನಿನ್ನೆ ಸಂಜೆ ಬಂತು. ಇವತ್ತಿಗೆ ಚೂಟಿಗೆ ಒಂಬತ್ತು ತಿಂಗಳು ತುಂಬಿತು.

ಬೆಳಿಗ್ಗೆ ಚೂಟಿಯ ಕಾರ್ಡನ್ನೂ ನಿನ್ನ ಎಲ್ಲ ಪತ್ರಗಳನ್ನೂ ತೆಗೆದುಕೊಂಡು ನರ್ಸಮ್ಮನ ಮುಂದೆ ನಿಂತೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಖಾಲಿ ಕಾರ್ಡು ತೆಗೆದುಕೊಂಡದ್ದನ್ನೂ ಹೇಳಿದೆ. ಅವರು ಪತ್ರ ಓದಿ ಕನ್ನಡಕ ತೆಗೆದರು.

"ಕಾರ್ಡ್ ಇಲ್ಲ ಅಂತ ಮಗೂನ ವಾಪಸ್ ಕಳಿಸಬೇಕು ಅಂತ ಎಲ್ಲೂ ಬರೆದಿಲ್ಲ ಕಣೇ. ಬೆಂಚ್ ಹಾಕಿದ್ದು ನೀನು, ಒಪ್ಪಿದ್ದು ನಾನು."

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತಡವಾಗಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಹದಿನಾಲ್ಕನೇ ವಾರದ್ದನ್ನೂ ದಡಾರದ್ದನ್ನೂ ಒಂದೇ ದಿನ ಕೊಡಬಹುದು. ಅನುಮಾನವಿದ್ದರೆ ಇನ್ನೊಂದು ಸಲ ಕೊಟ್ಟರೂ ತೊಂದರೆಯಿಲ್ಲ. ಬರದೇ ಇರುವುದೇ ತೊಂದರೆ.

ಹೊಸ ಕಾರ್ಡಿನಲ್ಲಿ ನಿಜವಾದ ಎರಡು ತಾರೀಖನ್ನು ಇಂಕಿನಲ್ಲಿ ಬರೆದಿದ್ದೇನೆ. ನಾವು ಇಲ್ಲಿ ಕೊಟ್ಟದ್ದಲ್ಲವಾದ್ದರಿಂದ ಮೊಹರು ಒತ್ತಲಿಲ್ಲ. ಕೆಳಗೆ ನರ್ಸಮ್ಮ ಅಲ್ಲಿಯ ನರ್ಸಮ್ಮನಿಗೆ ಎರಡು ಸಾಲು ಬರೆದು ಸಹಿ ಹಾಕಿದ್ದಾರೆ. ಕವರಿನಲ್ಲಿದೆ. ಆದರೆ ಇದು ಬರುವವರೆಗೆ ಕಾಯಬೇಡ. ಕಾಯಬೇಡ ಅನ್ನುವ ಮಾತೂ ನಿನ್ನನ್ನು ಮುಟ್ಟಲು ವಾರ ಬೇಕು.

ಹಸಿರು ಕೊಡೆಯವಳ ಬಗ್ಗೆ ನಾನು ಸರಿಯಾಗಿ ಹೇಳಿರಲಿಲ್ಲ. ಅವಳಿಗೆ ಅವಸರವಿರಲಿಲ್ಲ. ಎರಡು ಗಂಟೆ ಕೂತಿದ್ದಳು. ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಎದ್ದು ಬಂದು ನನ್ನ ಮುಂದೆ ನಿಂತು ಮೆಲ್ಲಗೆ ಕೇಳಿದಳು, "ಅಕ್ಕಾ, ನಮ್ದು ಇವತ್ತು ಆಗುತ್ತಾ?"

ನಾನು ಹೇಳಿದೆ, "ಕಾರ್ಡ್ ಕಳ್ಕೊಂಡಿದ್ದು ನಾನಾ? ಹೋಗಿ ಕೂತ್ಕೊಳ್ಳಿ."

ಎಲ್ಲರೂ ತಿರುಗಿ ನೋಡಿದರು. ನನ್ನ ದನಿ ಮೊದಲ ಸಲ ಬಾಗಿಲು ದಾಟಿತು. ನರ್ಸಮ್ಮ ಅವತ್ತು ನನ್ನನ್ನು ಪಿಸುಮಾತು ಅನ್ನಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು, ಅಕ್ಕ. ಅದನ್ನು ನಿನಗೆ ಬರೆಯಲಿಲ್ಲ.

ಅವಳು ಹೋದ ಮೇಲೆ ಹುಡುಕಿದೆ. ಐದು ನಿಮಿಷ ಹಿಡಿಯಲಿಲ್ಲ. ಜೂನ್ ಮನೆಯಲ್ಲಿ ಮೂರನೇ ಕಾರ್ಡು.

ತಂಗಿ

ಅಕ್ಟೋಬರ್ 27

ಪುಟ್ಟಿ,

ನಿನ್ನ ಕಾರ್ಡು ಬರುವ ಮೊದಲೇ ಆಗಿಹೋಯಿತು. ಎಂಟನೇ ತಾರೀಖು, ಗುರುವಾರ. ನೀನು ನಿಮ್ಮ ನರ್ಸಮ್ಮನ ಮುಂದೆ ನಿಂತಿದ್ದ ಹೊತ್ತಿಗೇ ನಾನೂ ಇಲ್ಲಿ ನಿಂತಿದ್ದೆ ಅನ್ನಿಸುತ್ತದೆ.

ಅದಕ್ಕೆ ಮೂರು ದಿನದ ಹಿಂದೆ ಪಕ್ಕದ ಶೆಡ್ಡಿನ ಮಗುವಿಗೆ ಜ್ವರ ಬಂತು, ಕಣ್ಣು ಕೆಂಪಾಯಿತು, ಆಮೇಲೆ ದದ್ದು. ತಗಡಿನಾಚೆ ಅವನು ಅಳುತ್ತಲೇ ಇದ್ದ. ಚೂಟಿ ಮಾತ್ರ ಈ ಸಲ ಅವನ ಜೊತೆ ಅಳಲಿಲ್ಲ. ಗೋಡೆಗೆ ಕೈಯಿಟ್ಟು ಸುಮ್ಮನೆ ಕೇಳುತ್ತಿದ್ದಳು. ಬುಧವಾರ ಅವನ ಅಳು ಸಣ್ಣಗಾಯಿತು. ಗುರುವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಒಯ್ದರು. ನಾನು ಚೂಟಿಯನ್ನು ಎತ್ತಿಕೊಂಡು ನೇರವಾಗಿ ಹೊರಟೆ.

ಸಾಲಿನಲ್ಲಿ ನಿಲ್ಲಲಿಲ್ಲ, ಬೆಂಚಿನ ಕಡೆ ನೋಡಲೂ ಇಲ್ಲ. ಮೇಜಿನ ಮುಂದೆ ನಿಂತು ಹೇಳಿದೆ, "ಕಾರ್ಡ್ ಇಲ್ಲ. ಎರಡು ಆಗಿದೆ, ಎರಡು ಆಗಿಲ್ಲ. ಕಳಿಸಿದ್ರೆ ಹೋಗಲ್ಲ."

ನರ್ಸಮ್ಮ ತಲೆಯೆತ್ತಿದರು. "ಹೋಗು ಅಂದೋರ್ ಯಾರಮ್ಮ? ತೋಳು ತೋರಿಸು ಮಗೂದು."

ನನ್ನ ಗುರುತೇ ಇರಲಿಲ್ಲ ಅವರಿಗೆ. ಆರು ತಿಂಗಳು ನಾನು ಹೊತ್ತುಕೊಂಡು ತಿರುಗಿದ ಮಾತು, ಅವರು ಆಡಿದ ಗಳಿಗೆಯಲ್ಲೇ ಮರೆತಿದ್ದರು. ಎರಡನ್ನೂ ಚುಚ್ಚಿ, ಹೊಸ ಕಾರ್ಡು ಬರೆದುಕೊಟ್ಟರು. ಚುಚ್ಚಿದ ದಿನವೇ ಕಾಪಾಡಿಬಿಡುವುದಿಲ್ಲ, ಎರಡು ವಾರ ಜೋಪಾನ ಅಂದರು. ಎರಡು ವಾರ ದಿನಕ್ಕೆ ಹತ್ತು ಸಲ ಹಣೆ ಮುಟ್ಟಿದೆ. ನಿನ್ನೆಗೆ ಹದಿನೆಂಟು ದಿನ. ಏನೂ ಇಲ್ಲ. ಆಮೇಲೇ ನಿನಗೆ ಬರೆಯಬೇಕು ಅಂತ ಇದ್ದೆ.

ಪಕ್ಕದವರು ಇನ್ನೂ ಬಂದಿಲ್ಲ. ಬಾಗಿಲ ಮುಂದೆ ಅವನ ಸಣ್ಣ ಬಕೆಟ್ ಬೋರಲು ಬಿದ್ದಿದೆ. ಭಾವನನ್ನು ಕೇಳಿದರೆ ಯಾರಿಗೂ ಗೊತ್ತಿಲ್ಲ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಆ ದಾರಿಯಲ್ಲಿ ಅವಳ ಜೊತೆ ಒಂದು ಮಾತಾಡಿದ್ದರೆ ಮರುವಾರ ಇಬ್ಬರೂ ಸೇರಿ ಹೋಗುತ್ತಿದ್ದೆವೇನೋ.

ನಿನ್ನನ್ನು ಬೈಯಬೇಕು ಅಂತ ಕೂತಿದ್ದೆ, ಹಸಿರು ಕೊಡೆಯವಳ ವಿಷಯಕ್ಕೆ. ಬೈಯಲು ಬಾಯಿ ಬರಲಿಲ್ಲ.

ಹಿಂದಿನ ಪುಟದಲ್ಲಿ ಪಾದ. ಏಳು ತಿಂಗಳದ್ದನ್ನು ಒಟ್ಟಿಗೆ ನಡೆದಿದ್ದಾಳೆ.

ಅಕ್ಕ

ನವೆಂಬರ್ 6

ಅಕ್ಕ,

ಹೇಗಿದ್ದೀಯ? ರಾತ್ರಿ ಊಟ ಸರಿಯಾಗಿ ಮಾಡುತ್ತೀಯಾ? ಗೋಡೆಯಾಚೆ ಸದ್ದಿಲ್ಲದ ಕೋಣೆಯಲ್ಲಿ ಇರುವುದು ಹೇಗಿರುತ್ತದೆ ಅಂತ ನನಗೆ ಗೊತ್ತು.

ಹೊಸ ಪಾದವನ್ನು ಹಳೆಯದರ ಪಕ್ಕ ಅಂಟಿಸಿದೆ. ಹಳೆಯದು ಇದರ ಒಳಗೇ ಕೂತುಬಿಡುತ್ತದೆ. ಚೂಟಿಯ ಕಾರ್ಡನ್ನು ನರ್ಸಮ್ಮನಿಗೆ ಹೇಳಿಯೇ ಪೆಟ್ಟಿಗೆಗೆ ಹಾಕಿದೆ. ಹದಿನಾರನೇ ತಿಂಗಳಿಗೆ ಇನ್ನೊಂದು ಇದೆ, ಮೇ ಮನೆ.

ಬೆಂಚನ್ನು ಹಿಂದಿನ ಗೋಡೆಯಿಂದ ಎಳೆದು ತಂದು ನನ್ನ ಮೇಜಿನ ಪಕ್ಕಕ್ಕೇ ಹಾಕಿದ್ದೇನೆ. ಕಾರ್ಡಿಲ್ಲದವರಿಗೆ ಮೊದಲು ಹುಡುಕುತ್ತೇನೆ. ಸಿಗದಿದ್ದರೆ ಹೊಸದು ಬರೆಯುತ್ತೇನೆ. ಸಾಲು ಕೆಡುತ್ತದೆ, ಮಕ್ಕಳು ಅಳುತ್ತವೆ. ಅಳಲಿ.

ಹಸಿರು ಕೊಡೆಯವಳ ವಿಳಾಸ ಕಾರ್ಡಿನ ಮೇಲಿತ್ತು. ಭಾನುವಾರ ಹೋದೆ. ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಬೀಗ ಹಾಕಿತ್ತು. ಎದುರು ಮನೆಯ ಮುದುಕಿ, ಅವರು ಜುಲೈನಲ್ಲೇ ಖಾಲಿ ಮಾಡಿದರು, ಗಂಡನಿಗೆ ಎಲ್ಲೋ ಸುರಂಗದ ಕೆಲಸ ಸಿಕ್ಕಿತಂತೆ ಅಂದರು. ಯಾವ ಸುರಂಗ ಅಂತ ಅವರಿಗೂ ಗೊತ್ತಿಲ್ಲ. ಸುರಂಗಗಳು ಎಷ್ಟಿವೆಯೋ ನನಗೂ ಗೊತ್ತಿಲ್ಲ.

ನಿಮ್ಮ ಕಡೆಗೇ ಬಂದಿರುತ್ತಾಳೆ ಅಂತ ಅಲ್ಲ. ಆದರೂ ನೀನು ನಲ್ಲಿಯ ಹತ್ತಿರ ನಿಂತಾಗ ಒಮ್ಮೆ ನೋಡು. ಹಸಿರು ಕೊಡೆ, ಒಂದು ಕಡ್ಡಿಗೆ ಬಿಳಿ ದಾರ. ಮಗುವಿಗೆ ಈಗ ಒಂದು ವರ್ಷ ದಾಟಿರುತ್ತದೆ. ಕಂಡರೆ ಮೊದಲು ನೀನೇ ಮಾತಾಡಿಸು. ಕಾರ್ಡು ಬೇಡ, ಮಗುವನ್ನು ಎತ್ತಿಕೊಂಡು ಹೋದರೆ ಸಾಕು ಅನ್ನು. ಒಬ್ಬಳೇ ಹೋಗಲು ಸಂಕೋಚವಾದರೆ ಜೊತೆಗೆ ಹೋಗು.

ಅವಳ ಕಾರ್ಡನ್ನು ಜೂನ್ ಮನೆಯಿಂದ ತೆಗೆದಿಲ್ಲ. ಪ್ರತಿ ಗುರುವಾರ ಸಾಲು ಮುಗಿದು ಎಲ್ಲರೂ ಹೋದ ಮೇಲೆ ಬಾಗಿಲಿಗೆ ಬಂದು ಅವಳ ನಂಬರನ್ನು ಒಂದು ಸಲ ಕರೆಯುತ್ತೇನೆ. ಈಗ ನನ್ನ ದನಿ ಬೀದಿಯ ತಿರುವಿನವರೆಗೂ ಹೋಗುತ್ತದೆ.

ತಂಗಿ